ಕುಸನೂರ ಪ್ಲಾಟಿಗೆ ಪಾಳಿ, ಬ್ರಹ್ಮಪುರದ ವಾಡೆಗೆ ಸುತ್ತಿಗೆ

ಕಲಬುರಗಿಯ ಹಳೆ ಓಣಿಗಳಲ್ಲಿ ಒಂದು ಮನೆ ಮಾರಾಟಕ್ಕಿದೆ ಅಂದರೆ ದಲ್ಲಾಳಿ ಅದನ್ನು ಮನೆ ಅನ್ನುವುದಿಲ್ಲ, ಜಾಗ ಅನ್ನುತ್ತಾನೆ. 'ಸಾಹೇಬ್ರ, ಬ್ರಹ್ಮಪುರದಾಗ ಜಾಗ ಅದ, ಮ್ಯಾಲ ಹಳೀ ಕಟ್ಟಡ ಅದ, ಕೆಡವಿದ್ರ ಆತು' ಎನ್ನುವುದು ಅವನ ಮೊದಲ ಮಾತು. ಎರಡು ಅಡಿ ದಪ್ಪದ ಇಟ್ಟಂಗಿ ಗೋಡೆ, ಸಾಗವಾನಿ ಕಂಬ, ಕೆತ್ತನೆಯ ಬಾಗಿಲು, ಶಹಾಬಾದ ಫರ್ಸಿ ಹಾಸಿದ ಅಂಗಳ, ಇವೆಲ್ಲ ಸೇರಿ ಲೆಕ್ಕದಲ್ಲಿ ಸೊನ್ನೆ. ಸೊನ್ನೆ ಅಂದರೂ ಕಡಿಮೆಯೇ. ಕೆಡವುವ ಜೆಸಿಬಿ ಬಾಡಿಗೆ, ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಅಂತ ಬೆಲೆಯಲ್ಲಿ ಇನ್ನಷ್ಟು ಚೌಕಾಶಿ ನಡೆಯುತ್ತದೆ. ನೂರು ವರ್ಷ ನಿಂತ ಮನೆ ಮಾರುವವನಿಗೆ ಸಾಲವಾಗಿ ಕೂಡುತ್ತದೆ.

ವ್ಯವಹಾರ ಮುಗಿದ ಮೇಲೆ ಆಗುವುದನ್ನೂ ನೋಡಿ. ಬೆಲೆಯೇ ಇಲ್ಲ ಅಂದಿದ್ದ ಅದೇ ಮನೆಯ ಬಾಗಿಲು, ಚೌಕಟ್ಟು, ಕಂಬ, ತೊಲೆ ಬೇರೆ ಲಾರಿ ಏರುತ್ತವೆ. ಹಳೆ ಸಾಮಾನಿನ ಗುತ್ತಿಗೆದಾರ ಅದಕ್ಕೆ ಬೇರೆ ಲೆಕ್ಕ ಇಟ್ಟಿರುತ್ತಾನೆ. ಆ ಕಂಬ ದೊಡ್ಡ ಊರಿನ ಯಾವುದೋ ರೆಸಾರ್ಟಿನಲ್ಲಿ ನಿಲ್ಲುತ್ತದೆ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಜನ ದುಡ್ಡು ಕೊಡುತ್ತಾರೆ. ನಮ್ಮವರಿಗೆ ಸಿಗುವುದು ಜಾಗದ ರೇಟು, ಕಂಬದ ರೇಟು ಇನ್ನೊಬ್ಬನ ಕಿಸೆಗೆ. ನಮ್ಮ ಮೊದಲ ತಕರಾರೇ ಇದು. ಹಳೆ ಮನೆ ಅಂದರೆ ಭಾವನೆ, ಪರಂಪರೆ, ಸಂಸ್ಕೃತಿ ಅಂತ ಭಾಷಣ ಮಾಡುವವರು ಬಹಳ ಜನ ಇದ್ದಾರೆ. ನಾವು ಇಲ್ಲಿ ರೊಕ್ಕದ ಮಾತಿನಿಂದಲೇ ಶುರು ಮಾಡುತ್ತೇವೆ.

ಈ ಬರಹ ಓದುತ್ತಿರುವ ಬಹುತೇಕರು ಹಳ್ಳಿಯವರು. ಕಮಲಾಪುರ ಕಡೆಯವರೋ, ಆಳಂದ, ಚಿಂಚೋಳಿ ಕಡೆಯವರೋ ಇರಬಹುದು. ಬ್ರಹ್ಮಪುರದ ಹಳೆ ಮನೆ ಬಿದ್ದರೆ ನಮಗೇನು ಅಂತ ಕೇಳಬಹುದು. ಆದರೆ ಕಲಬುರಗಿಯಲ್ಲಿ ಇವತ್ತು ಮನೆ, ಪ್ಲಾಟು ಖರೀದಿಸಲು ಓಡಾಡುತ್ತಿರುವವರಲ್ಲಿ ನಾವೇ ಮುಂದಿದ್ದೇವೆ. ಮಕ್ಕಳ ಕಾಲೇಜು, ಹಿರಿಯರ ಆಸ್ಪತ್ರೆ, ಮಗಳ ಸಂಬಂಧ ನೋಡಲು ಬಂದವರು ಕೇಳುವ 'ಸಿಟಿಯಾಗ ಮನಿ ಅದ ಏನ್ರಿ' ಎಂಬ ಪ್ರಶ್ನೆ, ಎಲ್ಲಕ್ಕೂ ಉತ್ತರ ಕಲಬುರಗಿಯಲ್ಲೊಂದು ಸ್ವಂತ ಸೂರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಲ್ಲರೂ ಒಂದೇ ಕಡೆ ಓಡುತ್ತಿದ್ದೇವೆ. ಕುಸನೂರ ರಸ್ತೆ, ರಿಂಗ್ ರೋಡು, ವಿಶ್ವವಿದ್ಯಾಲಯದ ಸುತ್ತಮುತ್ತ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದಾಗ ಅದು ಊರ ಹೊರಗಿನ ಮಾತು. ಈಗ ಕುಸನೂರ ಅಂದರೆ ಊರಲ್ಲ, ರೇಟು. 'ಕುಸನೂರದಾಗ ಎಷ್ಟು ನಡದದ?' ಅಂತ ಕೇಳಿದರೆ ಜೋಳದ ಧಾರಣೆ ಕೇಳುತ್ತಿದ್ದಾರೆ ಅಂತ ಯಾರೂ ತಿಳಿಯುವುದಿಲ್ಲ.

ಲೆಕ್ಕ ಒಂದು ಸಲ ಹಾಕೋಣ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ. 30-40ರ ಪ್ಲಾಟು ಅಂದರೆ 1,200 ಚದರ ಅಡಿ, ಒಂದು ಗುಂಟೆಗಿಂತ ಕೈಯಗಲ ಹೆಚ್ಚು. ತೊಗರಿ ಬೆಳೆಯುವ ಎರಡು ಎಕರೆ ಎರೆಭೂಮಿ, ಅಂದರೆ 80 ಗುಂಟೆ ಮಾರಿದವನು ಸಿಟಿಯಲ್ಲಿ ಒಂದು ಗುಂಟೆಯ ಬಯಲಿಗೆ ಇಸಾರ ಕೊಟ್ಟು ಬರುತ್ತಾನೆ. ಅದರ ಮೇಲೆ ಮನೆ ಕಟ್ಟಲು ಮತ್ತೆ ಸಾಲ. ಅಲ್ಲಿ ನಾಲಾ ಇಲ್ಲ, ಕುಡಿಯುವ ನೀರಿನ ಪೈಪು ಬಂದಿಲ್ಲ, ಬೀದಿ ದೀಪ ಬರಬೇಕು, ಬಸ್ಸು ಬಂದರೆ ಬಂತು. ಅದೇ ಹೊತ್ತಿಗೆ ಬ್ರಹ್ಮಪುರ, ಶಹಾಬಜಾರ, ಗಾಜಿಪುರ, ಜಗತ್ ಕಡೆ ನೀರು, ಚರಂಡಿ, ರಸ್ತೆ, ಬಜಾರ, ಗುಡಿ, ಮಸೀದಿ, ಆಸ್ಪತ್ರೆ ಎಲ್ಲ ಕಾಲ್ನಡಿಗೆಯ ದೂರದಲ್ಲಿ ಇರುವ ಮನೆಗಳು ಬೀಗ ಹಾಕಿಕೊಂಡು ಕೂತಿವೆ. ಶರಣಬಸವೇಶ್ವರರ ಜಾತ್ರೆಗೆ ಬಂದವರು ಆ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಎಷ್ಟು ಬಾಗಿಲಿಗೆ ತುಕ್ಕು ಹಿಡಿದ ಬೀಗ ಇದೆ ಅಂತ ಕಣ್ಣಿಗೇ ಬೀಳುತ್ತದೆ.

ಆ ಮನೆಗಳನ್ನು ಯಾಕೆ ಕೊಳ್ಳುವುದಿಲ್ಲ? ಕೊಂಡವರೂ ಯಾಕೆ ಕೆಡವುತ್ತಾರೆ? ಜನರಿಗೆ ಬುದ್ಧಿ ಇಲ್ಲ ಅಂತ ಹೇಳುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ. ಹಳೆ ಮನೆ ಉಳಿಸಿಕೊಂಡು ಖರೀದಿ ಮಾಡಬೇಕು ಅನ್ನುವವನ ಕಾಲಿಗೆ ಕಾನೂನು, ಬ್ಯಾಂಕು, ಕಚೇರಿ ಮೂರೂ ಸೇರಿ ಹಗ್ಗ ಬಿಗಿದಿವೆ. ಕೆಡವುವವನಿಗೆ ಮಾತ್ರ ದಾರಿ ಹಸನಾಗಿದೆ.

ಬ್ಯಾಂಕಿನಿಂದಲೇ ನೋಡೋಣ. ಮನೆ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ: 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75. ಕೇಳಲು ಚಂದ. ಆದರೆ 'ಆಸ್ತಿಯ ಬೆಲೆ' ಬರೆಯುವವನು ಬ್ಯಾಂಕಿನ ಮೌಲ್ಯಮಾಪಕ. ಕಟ್ಟಡ ಎಷ್ಟು ವರ್ಷದ್ದು, ಇನ್ನು ಎಷ್ಟು ವರ್ಷ ಬಾಳುತ್ತದೆ ಅಂತ ಒಂದು ಕಾಲಂ ಇರುತ್ತದೆ. ಕಾಂಕ್ರೀಟ್ ಮನೆಗೆ ಇಂತಿಷ್ಟು ಆಯುಷ್ಯ ಅಂತ ಪಟ್ಟಿ ಅವನ ಹತ್ತಿರ ಇದೆ. ಗಚ್ಚಿನ ಗೋಡೆಗೆ, ಸಾಗವಾನಿ ತೊಲೆಗೆ ಪಟ್ಟಿಯೇ ಇಲ್ಲ. ಹಾಗಾಗಿ 'ಆಯುಷ್ಯ ಮುಗಿದಿದೆ' ಅಂತ ಬರೆದು ಕೈ ತೊಳೆದುಕೊಳ್ಳುತ್ತಾನೆ. ಹಳ್ಳಿಯಿಂದ ಬಂದ ಒಂದು ಕುಟುಂಬದ ಜೊತೆ ನಾವು ಒಂದು ಬ್ಯಾಂಕಿಗೆ ಹೋಗಿದ್ದೆವು. ಹೆಸರು ಬೇಡ, ಎಲ್ಲ ಬ್ಯಾಂಕಿನಲ್ಲೂ ಇದೇ ಕಥೆ. ಮ್ಯಾನೇಜರ್ ಮೃದುವಾಗಿಯೇ ಮಾತಾಡಿದರು. ಮನೆ ಕೆಡವುವ ಪ್ಲಾನು ತಂದರೆ ಸಾಲ ನೋಡೋಣ, ಹಾಗೇ ಇಟ್ಟುಕೊಳ್ಳುವುದಾದರೆ ಕಷ್ಟ ಅಂದರು. ನಿಂತ ಗೋಡೆಗೆ ಸಾಲವಿಲ್ಲ, ಬೀಳಿಸುವುದಕ್ಕೆ ಸಾಲ ಇದೆ.

ಇನ್ನು ಕಾಗದಪತ್ರ. ಇದು ಸ್ವಲ್ಪ ಉದ್ದದ ಮಾತು, ಆದರೆ ಹಳೆ ಮನೆ ಕೊಳ್ಳುವ ಆಸೆ ಇದ್ದವರು ಗಮನ ಕೊಟ್ಟು ಓದಬೇಕು. ನಮ್ಮ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಹಾಗಾಗಿ ಹಳೆ ಮನೆಯ ಮೂಲ ಪತ್ರಗಳು ಉರ್ದುವಿನಲ್ಲಿ, ಫಸಲಿ ಇಸವಿಯಲ್ಲಿ ಇರುತ್ತವೆ. ಓದಬಲ್ಲ ಹಿರಿಯರು ಕಡಿಮೆಯಾಗುತ್ತಿದ್ದಾರೆ. 'ಇದು ಓದಾಕ ಬರಲ್ಲ, ಬ್ಯಾಡ ಬಿಡ್ರಿ' ಅಂತ ಪಕ್ಕಕ್ಕಿಟ್ಟ ಆ ಹಳದಿ ಕಾಗದದಲ್ಲೇ ಮನೆಯ ಎಲ್ಲೆಕಟ್ಟು, ಪಕ್ಕದ ಮನೆಯವರ ದಾರಿ ಹಕ್ಕು, ಬಾವಿಯ ಪಾಲು ಬರೆದಿರುತ್ತದೆ. ಅದನ್ನು ಅನುವಾದ ಮಾಡಿಸದೆ ಇಸಾರ ಕೊಡಬೇಡಿ.

ಆಮೇಲೆ ಪಾಲುದಾರರು. ವಾಡೆ ಅಂದರೆ ಒಬ್ಬರ ಮನೆಯಲ್ಲ. ಅಜ್ಜನಿಗೆ ನಾಲ್ಕು ಮಕ್ಕಳು, ಅವರಿಗೆ ಹದಿನಾಲ್ಕು ಮಕ್ಕಳು, ಒಬ್ಬ ಪುಣೆಯಲ್ಲಿ, ಒಬ್ಬ ಹೈದರಾಬಾದಿನಲ್ಲಿ, ಒಬ್ಬಳು ಅಮೆರಿಕದಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. 2005ಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. 'ಅಕ್ಕ-ತಂಗೇರು ಏನೂ ಅನ್ನಂಗಿಲ್ರಿ, ಅವ್ರಿಗಿ ಬಳಿ-ಸೀರಿ ಕೊಟ್ಟೀವಿ' ಅಂತ ಮಾರುವ ಅಣ್ಣ ಹೇಳಿದರೆ ನಂಬಬೇಡಿ. ಬಳೆ-ಸೀರೆ ಹಕ್ಕುಬಿಡುಗಡೆ ಪತ್ರವಲ್ಲ. ವಂಶವೃಕ್ಷದಲ್ಲಿ ಹೆಸರಿದ್ದ ಪ್ರತಿಯೊಬ್ಬರ ಸಹಿ ಬೇಕು. ಮೊದಲೇ ಒಂದು ಮಾತು ಸೇರಿಸುತ್ತೇವೆ: ಅಕ್ಕ-ತಂಗಿಯರ ಪಾಲನ್ನು ಅಡ್ಡಿ ಅಂತ ನಾವು ಕರೆಯುತ್ತಿಲ್ಲ. ಆ ಮನೆಯ ಅಡುಗೆಮನೆಯಲ್ಲಿ ಹೊಗೆ ಕುಡಿದವರು ಅವರೇ.

ಋಣಭಾರ ಪತ್ರ, ಅಂದರೆ ನಾವೆಲ್ಲ ಕರೆಯುವ ಇಸಿ, ಕಾವೇರಿ ಪೋರ್ಟಲ್ಲಿನಲ್ಲಿ 2004ರ ಈಚಿನದು ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಿ ಪುಸ್ತಕ ತೆರೆಸಬೇಕು. ಹಳೆ ಮನೆಗೆ ಕನಿಷ್ಠ 30 ವರ್ಷದ್ದು ತೆಗೆಸಿ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಸತ್ತ ಅಜ್ಜನ ಹೆಸರಿನಲ್ಲೇ ಖಾತೆ ಇರುವ ಮನೆಗಳಿಗೆ ಇಲ್ಲಿಯೇ ವರ್ಷ ಕಳೆಯುತ್ತದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಯಿತು. 60 ಲಕ್ಷದ ಮನೆಗೆ 3 ಲಕ್ಷ ಮುದ್ರಾಂಕ, 1 ಲಕ್ಷ 20 ಸಾವಿರ ನೋಂದಣಿ, ಸೆಸ್ಸು ಬೇರೆ. ಹಳೆ ಮನೆ ಉಳಿಸುತ್ತೇನೆ ಅನ್ನುವವನಿಗೂ ಇಷ್ಟೇ, ನಾಳೆಯೇ ಕೆಡವುತ್ತೇನೆ ಅನ್ನುವವನಿಗೂ ಇಷ್ಟೇ. ಇಲ್ಲಿ ಸರ್ಕಾರ ಒಂದು ಪೈಸೆಯ ವ್ಯತ್ಯಾಸ ಮಾಡಿಲ್ಲ. ಮಾಡಬೇಕು ಅನ್ನುವುದು ನಮ್ಮ ವಾದ.

ಇಷ್ಟೆಲ್ಲ ತೊಡಕು ಹಳೆ ಮನೆಗೆ ಮಾತ್ರ, ಪ್ಲಾಟಿಗೆ ಇಲ್ಲ ಅಂತ ತಿಳಿದರೆ ಅದೂ ಮೋಸ. ಕುಸನೂರ ಸುತ್ತ ಇರಲಿ, ಯಾವ ರಸ್ತೆಯ ಬದಿಯಲ್ಲಿ ಇರಲಿ, ಹೊಲಕ್ಕೆ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟ ಕೂಡಲೇ ಅದು ಲೇಔಟ್ ಆಗುವುದಿಲ್ಲ. ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನ ಪ್ರಕಾರ ಕೃಷಿಯೇತರ ಪರಿವರ್ತನೆ ಆಗಿರಬೇಕು, ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆ ಮಂಜೂರಾಗಿರಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9, 11 ಬೇಕು. 'ಎನ್‌ಎ ಆಗ್ತದ, ಪ್ರೋಸೆಸ್‌ನಾಗ ಅದ' ಅನ್ನುವ ಮಾತಿಗೆ ರೊಕ್ಕ ಕೊಟ್ಟವರು ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಸವೆಸುವುದನ್ನು ಎಲ್ಲ ತಾಲ್ಲೂಕಿನಲ್ಲೂ ನೋಡುತ್ತಿದ್ದೇವೆ. ಹಳೆ ಮನೆಯ ತೊಡಕು ಕಾಗದದ ಕಟ್ಟಿನಲ್ಲಿ ಕಣ್ಣಿಗೆ ಕಾಣುತ್ತದೆ. ಪ್ಲಾಟಿನ ತೊಡಕು ಬಣ್ಣದ ಬ್ರೋಷರಿನ ಹಿಂದೆ ಕೂತಿರುತ್ತದೆ.

ಕೋಟೆ ಹತ್ತಿರದವರ ಕಥೆ ಇನ್ನೊಂದು ಬಗೆಯದು. ಕಲಬುರಗಿ 1347ರಲ್ಲಿ ಬಹಮನಿಗಳ ಮೊದಲ ರಾಜಧಾನಿಯಾಯಿತು. 1367ರ ಜಾಮಿಯಾ ಮಸೀದಿ ಇಂದಿಗೂ ಕೋಟೆಯೊಳಗೆ ನಿಂತಿದೆ. ಕೋಟೆ, ಹಫ್ತ್ ಗುಂಬಜ್ ಎಲ್ಲ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಅಂದರೆ ಅಲ್ಲಿ ಹಳೆ ಮನೆ ಉಳಿಸಿಕೊಂಡವನೇ ಜಾಣ. ಕೆಡವಿದ ದಿನ ಅವನ ಕೈಯಲ್ಲಿ ಉಳಿಯುವುದು ಕಟ್ಟಲಾಗದ ಬಯಲು. ಈ ಸುದ್ದಿಯನ್ನು ಮನೆ ಮನೆಗೆ ಮುಟ್ಟಿಸುವ ಕೆಲಸ ಯಾರದು? ನೋಟಿಸ್ ಅಂಟಿಸಲು ಸಿಬ್ಬಂದಿ ಬರುತ್ತಾರೆ, ಅರ್ಜಿ ತುಂಬುವುದು ಹೇಗೆ ಅಂತ ಹೇಳಲು ಬರುವುದಿಲ್ಲ.

2014ರಲ್ಲಿ ಕಲಬುರಗಿ, ಬೀದರ್, ವಿಜಯಪುರದ ಸ್ಮಾರಕಗಳನ್ನು ದಖ್ಖನಿ ಸುಲ್ತಾನರ ಕೋಟೆ-ಸ್ಮಾರಕಗಳು ಅಂತ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು. ಗುಮ್ಮಟಕ್ಕೆ ಪಟ್ಟಿ ಇದೆ, ಗೋರಿಗೆ ಪಟ್ಟಿ ಇದೆ. ಸತ್ತ ರಾಜರ ಮನೆಗಳನ್ನು ಕಾಯಲು ಕಾವಲುಗಾರ ಇದ್ದಾನೆ. ಬದುಕಿದವರ ಮನೆಗಳಿಗೆ ಪಟ್ಟಿಯೂ ಇಲ್ಲ, ಕಾವಲೂ ಇಲ್ಲ.

ಮನೆಯ ಗುಣದ ಮಾತಿಗೆ ಬರೋಣ. ನಮ್ಮ ಊರ ಬಿಸಿಲು ಯಾರಿಗೂ ಹೊಸದಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ದಾಟುತ್ತದೆ. ಕಾಂಕ್ರೀಟ್ ಸ್ಲ್ಯಾಬಿನ ಮನೆಯಲ್ಲಿ ಹಗಲು ಹೀರಿದ ಕಾವನ್ನು ಛತ್ತು ರಾತ್ರಿ ನಮ್ಮ ಮೈಮೇಲೆ ಸುರಿಯುತ್ತದೆ. ಹನ್ನೊಂದು ಗಂಟೆಗೂ ಗೋಡೆ ಮುಟ್ಟಿದರೆ ಬಿಸಿ. ಕೂಲರು, ಅದು ಸಾಲದಾದರೆ ಎಸಿ, ಅದರ ಬಿಲ್ಲು. ದಪ್ಪ ಗೋಡೆಯಲ್ಲಿ ಕಾವು ಒಳಗೆ ದಾಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ಹೊರಗೆ ತಂಪು ಗಾಳಿ ಬಂದಿರುತ್ತದೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣಿನ ಮಾಳಿಗೆ. ನಡುವೆ ಬೆಳಕಿಂಡಿ, ಬಿಸಿಗಾಳಿ ಹೊರಹೋಗಲು ದಾರಿ. ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ನಡುಮನೆಗೆ ಹೋದಂತೆ ಒಂದೊಂದು ಹೆಜ್ಜೆಗೆ ತಂಪು ಹೆಚ್ಚು. ನೆಲಕ್ಕೆ ಶಹಾಬಾದ ಫರ್ಸಿ. ಮಧ್ಯಾಹ್ನ ಬರೀ ನೆಲದ ಮೇಲೆ ಮಲಗಿದವರಿಗೆ ಅದರ ಸುಖ ಹೇಳಬೇಕಿಲ್ಲ.

ನಮ್ಮ ಜಿಲ್ಲೆಯ ವಿಚಿತ್ರ ನೋಡಿ. ಶಹಾಬಾದ, ವಾಡಿ, ಮಳಖೇಡ, ಸೇಡಂ ನೆಲದಡಿ ಇರುವುದು ಸುಣ್ಣದ ಕಲ್ಲು. ಅದನ್ನೇ ಸುಟ್ಟು, ಗಾಣದಲ್ಲಿ ಅರೆದು ಗಚ್ಚು ಮಾಡಿ ನಮ್ಮ ಹಿರಿಯರು ಗೋಡೆ ಕಟ್ಟಿದರು. ಅದೇ ಕಲ್ಲು ಈಗ ಸಿಮೆಂಟಾಗಿ ದೇಶಕ್ಕೆಲ್ಲ ಹೋಗುತ್ತದೆ. ಆದರೆ ಜಿಲ್ಲೆಯಲ್ಲಿ ಗಚ್ಚು ಕಲಸಬಲ್ಲ ಗೌಂಡಿಯನ್ನು ಹುಡುಕಿ ಹೊರಟರೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಳಿಸುತ್ತಾರೆ, ಕೊನೆಗೆ 'ಅವ್ರು ತೀರಿಕೊಂಡ್ರು' ಅನ್ನುತ್ತಾರೆ. ಇದರಿಂದ ಆಗುವ ಹಾನಿ ಸಣ್ಣದಲ್ಲ. ಹಳೆ ಇಟ್ಟಂಗಿ ಗೋಡೆ ಉಸಿರಾಡುತ್ತದೆ. ಹೀರಿದ ತೇವವನ್ನು ಸುಣ್ಣದ ಗಾರೆಯ ಮೂಲಕ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಡಿದರೆ ತೇವ ಒಳಗೇ ಸಿಕ್ಕಿಕೊಂಡು ಉಪ್ಪು ಕಟ್ಟುತ್ತದೆ, ಇಟ್ಟಂಗಿ ಪುಡಿಯಾಗುತ್ತದೆ. ನಾಲ್ಕೈದು ವರ್ಷದಲ್ಲಿ ಪ್ಲಾಸ್ಟರ್ ಉದುರುತ್ತದೆ. ಆಗ ಎಲ್ಲರೂ ಹೇಳುವುದು, 'ಹಳೀ ಮನಿ ನೋಡ್ರಿ, ತಡೀಲಿಲ್ಲ'. ಮನೆ ತಡೆಯದೇ ಹೋದದ್ದಲ್ಲ, ನಾವು ಹಚ್ಚಿದ ಮದ್ದು ಅದಕ್ಕೆ ವಿಷವಾಯಿತು. ಮಾಳಿಗೆಯ ವಿಷಯವೂ ಅಷ್ಟೇ. ಮುಂಗಾರಿಗೆ ಮೊದಲು ಸವಳು ಮಣ್ಣು ಹಾಕಿ ಮೆತ್ತಬೇಕು. ಎರಡು ವರ್ಷ ಬಿಟ್ಟರೆ ಸೋರುತ್ತದೆ, ತೊಲೆಯ ತುದಿಗೆ ಗೆದ್ದಲು ಹತ್ತುತ್ತದೆ.

ಹಳೆ ಮನೆ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಸಂಡಾಸು ಹಿತ್ತಲಿನ ತುದಿಯಲ್ಲಿ, ಒಳಕೋಣೆಯಲ್ಲಿ ಕತ್ತಲು, ಬಾಗಿಲು ತಲೆಗೆ ಬಡಿಯುವಷ್ಟು ಗಿಡ್ಡ. ಜೋರು ಮಳೆಗೆ ಮಣ್ಣಿನ ಗೋಡೆ ಕುಸಿದು ಜನ ಸತ್ತ ಸುದ್ದಿಯನ್ನು ನಾವೇ ಎಷ್ಟು ಸಲ ಬರೆದಿದ್ದೇವೆ. ಬಿರುಕು ಬಿಟ್ಟು ಹೊಟ್ಟೆ ಉಬ್ಬಿದ ಗೋಡೆಯ ಕೆಳಗೆ ಮಲಗಿ, ಪರಂಪರೆ ಉಳಿಸಿ ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಯಾವ ಗೋಡೆ ಬೀಳುತ್ತದೆ, ಯಾವುದು ಇನ್ನೂ ನೂರು ವರ್ಷ ನಿಲ್ಲುತ್ತದೆ ಅಂತ ನೋಡಿ ಹೇಳುವ ಎಂಜಿನಿಯರ್ ನಮ್ಮ ಪಾಲಿಕೆಯಲ್ಲಿ ಬೇಕು. ಸರ್ಕಾರಿ ನಮೂನೆಯಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ಅಂದರೆ ಕಚ್ಚಾ ಮನೆ, ಮುಗಿಯಿತು. ವಸತಿ ಯೋಜನೆಯ ಹಣ ಹೊಸದನ್ನು ಕಟ್ಟಲು ಬರುತ್ತದೆ. ಇದ್ದ ಮಾಳಿಗೆ ಸರಿಪಡಿಸಿಕೊಳ್ಳುತ್ತೇನೆ ಅಂದವನಿಗೆ ಅರ್ಜಿಯ ಕಾಲಮ್ಮೇ ಸಿಗುವುದಿಲ್ಲ.

ಇನ್ನೊಂದು ಪ್ರಶ್ನೆ ಇದೆ. ಇದನ್ನು ಕೇಳುವವರು ನಮ್ಮ ಓದುಗರಲ್ಲೇ ಇದ್ದಾರೆ, ನಮ್ಮ ಬಳಗದಲ್ಲೂ ಇದ್ದಾರೆ. ಯಾರ ವಾಡೆ ಅದು? ಜಾಗೀರುದಾರರದು, ದೇಶಮುಖರದು, ಗೌಡರದು, ಸಾವುಕಾರರದು. ಅದರ ಹೊಸ್ತಿಲಾಚೆ ನಮ್ಮ ಅಜ್ಜಂದಿರಿಗೆ ಕಾಲಿಡಲು ಬಿಟ್ಟಿದ್ದರೇ? ಅಂಗಳದ ಅಂಚಿನಲ್ಲಿ ಕೈಕಟ್ಟಿ ನಿಂತು, ಮೇಲಿನಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರ ಮೊಮ್ಮಕ್ಕಳು ಈಗ ಆ ಕಂಬದ ಕೆತ್ತನೆ ಕಂಡು ಕಣ್ಣೀರು ಹಾಕಬೇಕೇ? ಬೀಳಲಿ ಬಿಡಿ!

ಈ ಸಿಟ್ಟು ಖರೆ. ಇದಕ್ಕೆ ಪರಂಪರೆಯ ಭಾಷಣ ಉತ್ತರವಾಗುವುದಿಲ್ಲ. ನಮ್ಮ ಉತ್ತರ ಬೇರೆ ಇದೆ. ಆ ಇಟ್ಟಂಗಿ ಸುಟ್ಟವರು ಯಾರು, ಸುಣ್ಣ ಅರೆದವರು ಯಾರು, ತೊಲೆ ಹೊತ್ತವರು ಯಾರು? ವಾಡೆಯ ಯಜಮಾನನ ಹೆಸರು ಪತ್ರದಲ್ಲಿದೆ, ಕಟ್ಟಿದವರ ಕೈ ಗೋಡೆಯಲ್ಲಿದೆ. 1949ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಜಾಗೀರು ಪದ್ಧತಿ ರದ್ದಾಯಿತು. 1974ರ ಭೂ ಸುಧಾರಣೆಯಲ್ಲಿ ಗೇಣಿದಾರ ಹೊಲದ ಒಡೆಯನಾದ. ಹೊಲ ಕೈಗೆ ಬಂದಾಗ, ಇದು ಗೌಡನ ಹೊಲ ಅಂತ ಯಾರೂ ಮಣ್ಣು ತೆಗೆದು ಎಸೆಯಲಿಲ್ಲ, ಉತ್ತು ಬಿತ್ತಿದರು. ಮನೆಯೂ ಹಾಗೇ ಅನ್ನುತ್ತೇವೆ. ಅಜ್ಜ ಹೊರಗೆ ನಿಂತ ಮನೆಯನ್ನು ಮೊಮ್ಮಗಳು ನೌಕರಿಯ ಸಂಬಳದಿಂದ ಖರೀದಿಸಿ, ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತರೆ ಅದಕ್ಕಿಂತ ದೊಡ್ಡ ಲೆಕ್ಕ ಚುಕ್ತಾ ಯಾವುದು? ಅವಳಿಗೆ ಆ ಮನೆ ಕೊಡಲು ಮನಸ್ಸಿಲ್ಲದವರು ಇನ್ನೂ ಇದ್ದಾರೆ. 'ನಮ್ಮವರಿಗಷ್ಟೇ ಕೊಡ್ತೀವ್ರಿ' ಅನ್ನುವ ಮಾತು ಹಳೆ ಓಣಿಗಳಲ್ಲಿ ಇವತ್ತಿಗೂ ನಡೆಯುತ್ತದೆ. ಜಾತಿ ಕೇಳಿ, ಧರ್ಮ ಕೇಳಿ ಬಾಗಿಲು ಹಾಕುವ ಓಣಿ ಹಾಳು ಬೀಳುತ್ತಿದ್ದರೆ ಅದರ ಪಾಪ ಜೆಸಿಬಿಯದಷ್ಟೇ ಅಲ್ಲ. ಮನೆ ಉಳಿಯಬೇಕು ಅನ್ನುವವರು ಮೊದಲು ಆ ಬಾಗಿಲು ತೆರೆಯಲಿ.

ಬೇರೆ ಊರವರು ಏನು ಮಾಡಿದರು ಅಂತಲೂ ಸ್ವಲ್ಪ ನೋಡೋಣ. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರೂಕ್ಲಿನ್ ಹೈಟ್ಸ್ ಅಂತ ಒಂದು ಓಣಿ ಇದೆ. ಸಾಲಾಗಿ ಇಟ್ಟಂಗಿಯ, ಕಂದು ಕಲ್ಲಿನ ಹಳೆ ಮನೆಗಳು, ಒಂದರ ಗೋಡೆ ಇನ್ನೊಂದಕ್ಕೆ ತಾಗಿದಂತೆ. 1965ರಲ್ಲಿ ಅದನ್ನು ಆ ನಗರದ ಮೊದಲ ಪಾರಂಪರಿಕ ಪ್ರದೇಶ ಅಂತ ಘೋಷಿಸಿದರು. ಹೊರಗೋಡೆ, ಕಿಟಕಿ ಬದಲಿಸಲೂ ಅನುಮತಿ ಬೇಕು. ಇವತ್ತು ಅಲ್ಲಿ ಹಳೆ ಮನೆಗೇ ಬೆಲೆ ಹೆಚ್ಚು. ಆದರೆ ಅಲ್ಲಿನ ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು. ಹಳೆ ಮನೆಗಳ ಬೆಲೆ ಏರಿದಂತೆ ಬ್ರೂಕ್ಲಿನ್ನಿನ ಎಷ್ಟೋ ಓಣಿಗಳಲ್ಲಿ ಬಾಡಿಗೆಗಿದ್ದ ಬಡವರು, ಕಪ್ಪು ಜನ ಊರು ಬಿಡಬೇಕಾಯಿತು. ಮನೆ ಉಳಿಯಿತು, ಮನೆಯವರು ಉಳಿಯಲಿಲ್ಲ. ಅಂಥ ಉಳಿವು ನಮಗೆ ಬೇಡ.

ನಮಗೆ ಹತ್ತಿರದ ಪಾಠ ಅಹಮದಾಬಾದಿನದು. 2017ರಲ್ಲಿ ಅದರ ಹಳೆ ನಗರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುಲ್ತಾನರ ಮಸೀದಿಗಳ ಜೊತೆ ಅಲ್ಲಿನ ಪೋಳ್ ಎಂಬ ಓಣಿಗಳ ಮರದ ಮನೆಗಳೂ ಲೆಕ್ಕಕ್ಕೆ ಬಂದವು. ಪಟ್ಟಿಯಲ್ಲಿರುವ ಹಳೆ ಮನೆಯ ಮಾಲೀಕ ತಾನು ಮೇಲೆ ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆ ಕಡೆ ಕಟ್ಟುವ ಬಿಲ್ಡರಿಗೆ ಮಾರಿ, ಆ ಹಣದಿಂದ ಮನೆ ದುರಸ್ತಿ ಮಾಡಿಕೊಳ್ಳಬಹುದು. ಕೇಳಿದಾಗ ನಮಗೂ ಸೋಜಿಗವಾಯಿತು, ಆಕಾಶ ಮಾರಿ ನೆಲ ಉಳಿಸಿದಂತೆ. ಕಲಬುರಗಿಯ ಹಳೆ ಓಣಿಯ ಆಕಾಶವನ್ನು ಕುಸನೂರ ರಸ್ತೆಯ ಅಪಾರ್ಟ್‌ಮೆಂಟಿನವನು ಕೊಂಡರೆ ಇಬ್ಬರಿಗೂ ನಷ್ಟವಿಲ್ಲ.

ಬರೀ ಪಟ್ಟಿಯಿಂದ ಏನೂ ಆಗುವುದಿಲ್ಲ ಅನ್ನುವುದಕ್ಕೆ ಮೈಸೂರೇ ಸಾಕ್ಷಿ. ಲ್ಯಾನ್ಸ್‌ಡೌನ್ ಕಟ್ಟಡ ಎಲ್ಲರೂ ಹೆಮ್ಮೆ ಪಡುತ್ತಿದ್ದ ಪಾರಂಪರಿಕ ಕಟ್ಟಡ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಬಿತ್ತು. ದುರಸ್ತಿಗೆ ಹಣ ಇಡದೆ ಹೆಮ್ಮೆಯನ್ನಷ್ಟೇ ಇಟ್ಟರೆ ಹೀಗಾಗುತ್ತದೆ.

ಇಲ್ಲಿ ನಮ್ಮ ಹೊಟ್ಟೆ ಉರಿಸುವ ಇನ್ನೊಂದು ಸಂಗತಿ. ಇಳಕಲ್ಲಿನ ನೇಕಾರರ ಮನೆ ಹೇಗಿತ್ತು ಅಂತ ನೋಡಬೇಕಾದರೆ ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಟಿಕೆಟ್ ತೆಗೆಸಬೇಕು. ಕೊಪ್ಪಳ ಜಿಲ್ಲೆ ಕುಕನೂರಿನ ಕಮಲ ಮಹಲ್ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿದೆ. ಅವನ್ನು ಎತ್ತಿಕೊಂಡು ಹೋಗಿ ಉಳಿಸಿದವರನ್ನು ನಾವು ಬೈಯುವುದಿಲ್ಲ. ಅವರು ಒಯ್ಯದಿದ್ದರೆ ಸೌದೆಯಾಗುತ್ತಿದ್ದವು. ಆದರೆ ನಮ್ಮ ಮನೆ ನೋಡಲು ನಮ್ಮ ಮಕ್ಕಳು ಕಡಲ ದಂಡೆಗೆ ಪ್ರವಾಸ ಹೋಗಬೇಕಾದ ಸ್ಥಿತಿಗೆ ಯಾರನ್ನಾದರೂ ಬೈಯಲೇಬೇಕಲ್ಲ. ಕಲ್ಯಾಣ ಕರ್ನಾಟಕ ಅಂತ 2019ರಲ್ಲಿ ಹೆಸರು ಬದಲಾಯಿತು, 371ಜೆ ಬಂದು ದಶಕ ದಾಟಿತು, ಮಂಡಳಿಗೆ ವರ್ಷ ವರ್ಷ ಅನುದಾನ ಬರುತ್ತದೆ. ಅದರಲ್ಲಿ ಸಮುದಾಯ ಭವನ ಎದ್ದಿವೆ, ಸ್ವಾಗತ ಕಮಾನು ಎದ್ದಿವೆ. ಜನ ವಾಸ ಮಾಡುವ ಹಳೆ ಮನೆಗೆ ಒಂದು ಮೂಟೆ ಸುಣ್ಣ ಕೊಟ್ಟದ್ದನ್ನು ನಾವು ಕಂಡಿಲ್ಲ.

ಪಾಲಿಕೆ ಮಾಡಬಹುದಾದ ಕೆಲಸ ದೊಡ್ಡದಲ್ಲ. ಹಳೆ ಓಣಿಗಳಲ್ಲಿ ಮನೆ ಮನೆ ಎಣಿಸಿ, ಯಾವುದು ಗಟ್ಟಿ, ಯಾವುದು ಅಪಾಯ ಅಂತ ಬರೆಯಲಿ. ಕೆಡವುವ ಪರವಾನಗಿ ಕೊಡುವ ಮೊದಲು ಒಬ್ಬ ತಿಳಿದ ಎಂಜಿನಿಯರ್ ಹೋಗಿ ನೋಡಲಿ. ಉಳಿಸಿಕೊಳ್ಳುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಉರ್ದು ಪತ್ರ ಓದಿ ಕೊಡಲು ಒಬ್ಬರನ್ನು ಕೂರಿಸಲಿ, ವಿಶ್ವವಿದ್ಯಾಲಯದಲ್ಲಿ ಉರ್ದು ಕಲಿತು ಕೆಲಸ ಹುಡುಕುತ್ತಿರುವ ಹುಡುಗರಿಗೆ ಕೊರತೆ ಇಲ್ಲ. ರಾಜ್ಯ ಸರ್ಕಾರ, ಹಳೆ ಮನೆಯನ್ನು ಕೆಡವದೆ ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ ಅಂತ ಬರೆದುಕೊಡುವವನಿಗೆ ಮುದ್ರಾಂಕ ಶುಲ್ಕ ಇಳಿಸಲಿ. ಬಾಡಿಗೆದಾರರು ಇರುವ ಮನೆಯಾದರೆ ಅವರನ್ನು ಉಳಿಸಿಕೊಳ್ಳುವುದೂ ಷರತ್ತಾಗಲಿ. ಕೌಶಲ ತರಬೇತಿ ಅಂತ ಮೊಬೈಲ್ ರಿಪೇರಿ, ಹೊಲಿಗೆ ಕಲಿಸುತ್ತಾರೆ. ಒಂದು ತಂಡಕ್ಕೆ ಗಚ್ಚಿನ ಕೆಲಸ ಕಲಿಸಲಿ. ಬೀದರ್‌ನಿಂದ ವಿಜಯಪುರದವರೆಗೆ ಕೋಟೆಗಳ ದುರಸ್ತಿಗೂ ಅದೇ ಕೈ ಬೇಕು.

ನಮ್ಮ ಹಳ್ಳಿಯ ಓದುಗರಿಗೆ ಒಂದು ಕೋರಿಕೆ. ಸಿಟಿಯಲ್ಲಿ ಮನೆ ನೋಡಲು ಹೋದಾಗ ಕುಸನೂರ ರಸ್ತೆಯ ಪ್ಲಾಟು ನೋಡಿ, ಬೇಡ ಅನ್ನುವುದಿಲ್ಲ. ಅದೇ ದಿನ ಹಳೆ ಓಣಿಯ ಎರಡು ಮನೆಗಳನ್ನೂ ನೋಡಿ ಬನ್ನಿ. ಹಗಲು ಎರಡು ಗಂಟೆಗೆ ಹೋಗಿ, ಬಿಸಿಲು ಸರಿಯಾಗಿ ಬೀಳುವ ಹೊತ್ತಿಗೆ. ತೊಲೆಯ ತುದಿಗೆ ಚಾಕು ಚುಚ್ಚಿ ನೋಡಿ, ಗೆದ್ದಲು ಹತ್ತಿದ್ದರೆ ಮೆತ್ತಗಿರುತ್ತದೆ. ಗೋಡೆಯ ಬುಡದಲ್ಲಿ ಉಪ್ಪು ಬಿಳುಪು ಕಟ್ಟಿದೆಯೇ ನೋಡಿ. ಪಾಲುದಾರರು ಎಷ್ಟು ಜನ ಅಂತ ದಲ್ಲಾಳಿಯನ್ನು ಕೇಳಬೇಡಿ, ಪಕ್ಕದ ಮನೆಯ ಆಯಿಯನ್ನು ಕೇಳಿ, ಆಕೆಗೆ ಎಲ್ಲರ ಹೆಸರೂ ಬಾಯಿಪಾಠ. ಬಾಗಿಲು, ಕಂಬ ಮಾರಾಟದಲ್ಲಿ ಸೇರಿವೆ ಅಂತ ಕರಾರಿನಲ್ಲೇ ಬರೆಸಿ. ನೋಂದಣಿಯ ಹಿಂದಿನ ರಾತ್ರಿ ಬಾಗಿಲು ಕಾಣೆಯಾಗುವುದು ಹೊಸದೇನಲ್ಲ.

ಮಾರುವವರಿಗೂ ಒಂದು ಮಾತು. ಹಳ್ಳಿಯ ಮನೆ ಇರಲಿ, ಸಿಟಿಯ ವಾಡೆ ಇರಲಿ, ಜಾಗಕ್ಕೆ ಒಂದು ರೇಟು, ಮನೆಗೆ ಒಂದು ರೇಟು ಅಂತ ಬೇರೆ ಬೇರೆ ಹೇಳಿ. ತೊಲೆ ಎಷ್ಟು, ಕಂಬ ಎಷ್ಟು, ಫರ್ಸಿ ಎಷ್ಟು ಅಂತ ಎಣಿಸಿ ಇಟ್ಟುಕೊಳ್ಳಿ. ಹಳೆ ಸಾಮಾನಿನ ವ್ಯಾಪಾರಿ ಬರುವುದಕ್ಕೂ ಮೊದಲು ಎಣಿಸಿ, ಅವನು ನಿಮಗಿಂತ ಮುಂಚೆಯೇ ಎಣಿಸಿಕೊಂಡು ಹೋಗಿರುತ್ತಾನೆ.

ಪಾಲಿಕೆಯ ಸದಸ್ಯರು, ಅಧಿಕಾರಿಗಳು ಇದನ್ನು ಓದಿದರೆ ಎಣಿಕೆಯ ಕೆಲಸ ಬೇಸಿಗೆಯಲ್ಲೇ ಆಗಬೇಕು. ಜೂನ್ ಮೊದಲ ಮಳೆ ಬಿದ್ದ ಮೇಲೆ ಮಣ್ಣು ಕಾಣದ ಮಾಳಿಗೆಗಳಲ್ಲಿ ಕೆಲವು ಕೂರುತ್ತವೆ. ಕೂತ ಮನೆಗೆ ಅಪಾಯದ ನೋಟಿಸ್ ಬರುತ್ತದೆ. ನೋಟಿಸ್ ಬಂದ ಮನೆಯ ರೇಟು ಎಷ್ಟು ಅಂತ ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು.